ನೊರೆ ಎದ್ದರೆ ಕಲೆ ಹೋದಂತಲ್ಲ

ಪಾರ್ಕಿಂಗ್ ಅಂಗಳದ ಹಾಸುಗಲ್ಲಿನ ಮೇಲೋ ಗೇಟಿನ ಬಳಿಯ ಸಿಮೆಂಟು ಇಳಿಜಾರಿನ ಮೇಲೋ ಕೆಂಪು ಕಲೆ ಕಂಡೊಡನೆ ಒಂದು ಬಾಟಲಿ ಆಸಿಡ್ ತರಿಸಿ ಸುರಿಸುವ ರೂಢಿ ನಮ್ಮ ನಗರಗಳಲ್ಲಿ ಬೇರೂರಿದೆ. ಆಸಿಡ್ ಬಿದ್ದ ಜಾಗ ಬುಸುಗುಟ್ಟಿ ನೊರೆಯೇಳುವುದನ್ನು ಕಂಡವರು ಕೊಳೆ ಬೇರುಸಮೇತ ಕಿತ್ತುಬರುತ್ತಿದೆ ಎಂದು ನಂಬುತ್ತಾರೆ. ಕಲ್ಲಿಗೂ ಕಟ್ಟಡಕ್ಕೂ ತೊಳೆಯುವವರ ದೇಹಕ್ಕೂ ಇಷ್ಟು ಹಾನಿ ಮಾಡುವ ಇನ್ನೊಂದು ತಪ್ಪು ಕಲ್ಪನೆ ಶುಚಿತ್ವದ ವಿಷಯದಲ್ಲಿ ಸಿಗುವುದು ಕಷ್ಟ, ಏಕೆಂದರೆ ಆ ನೊರೆಯನ್ನು ಎಬ್ಬಿಸುವುದು ಕಲೆಯಲ್ಲ, ಕರಗುತ್ತಿರುವ ಕಲ್ಲು.

ಹೈದರಾಬಾದಿನ ಮಾದಾಪುರದಂಥ ಬಡಾವಣೆಯನ್ನೇ ಉದಾಹರಣೆಗೆ ತೆಗೆದುಕೊಂಡರೆ ವಿಷಯ ಸ್ಪಷ್ಟವಾಗುತ್ತದೆ. ಈ ಭಾಗದ ಅಂಗಳಗಳಿಗೆ ಬಹುಕಾಲದಿಂದ ಬರುತ್ತಿರುವ ಹಾಸುಗಲ್ಲುಗಳೆಂದರೆ ತೆಲಂಗಾಣದ ತಾಂಡೂರು ಕಲ್ಲು ಮತ್ತು ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲು. 1956ರವರೆಗೆ ಕಲಬುರಗಿ ಹೈದರಾಬಾದ್ ರಾಜ್ಯದಲ್ಲೇ ಇತ್ತು. ರಾಜ್ಯಗಳ ಗಡಿ ಬದಲಾದರೂ ಈ ಎರಡು ಕಲ್ಲುಗಳ ನಂಟು ಬದಲಾಗಲಿಲ್ಲ, ಏಕೆಂದರೆ ಎರಡೂ ಭೀಮಾ ಕೊಳ್ಳದ ಸುಣ್ಣಕಲ್ಲಿನ ಪದರಗಳಿಂದ ಬಂದವು. ಸುಣ್ಣಕಲ್ಲಿನ ಮುಖ್ಯ ಅಂಶ ಕ್ಯಾಲ್ಸಿಯಂ ಕಾರ್ಬೊನೇಟ್. ಅಂಗಡಿಯ ಆಸಿಡ್, ಅಂದರೆ ಹೈಡ್ರೋಕ್ಲೋರಿಕ್ ಆಮ್ಲ, ಇದಕ್ಕೆ ತಾಗಿದ ಕೂಡಲೇ ಕಲ್ಲು ಕ್ಯಾಲ್ಸಿಯಂ ಕ್ಲೋರೈಡ್ ಆಗಿ ಕರಗಿ, ಇಂಗಾಲದ ಡೈಆಕ್ಸೈಡ್ ಗುಳ್ಳೆಗುಳ್ಳೆಯಾಗಿ ಹೊರಬೀಳುತ್ತದೆ. ಕಲಬುರಗಿ ಜಿಲ್ಲೆಯ ವಾಡಿ ಮತ್ತು ಸೇಡಂನ ಕಾರ್ಖಾನೆಗಳು ಸಿಮೆಂಟನ್ನು ತಯಾರಿಸುವುದೂ ಆ ಸೀಮೆಯ ಸುಣ್ಣಕಲ್ಲಿನಿಂದಲೇ ಆದ್ದರಿಂದ, ಕಾಂಕ್ರೀಟು, ಗಾರೆ, ಇಂಟರ್‌ಲಾಕ್ ಬ್ಲಾಕುಗಳೂ ಆಮ್ಲದ ಮುಂದೆ ನಿಲ್ಲಲಾರವು.

ಹಾನಿ ಅಷ್ಟಕ್ಕೇ ಮುಗಿಯುವುದಿಲ್ಲ. ನುಣುಪಾದ ಮೇಲ್ಮೈ ಸವೆದು ರಂಧ್ರಗಳು ತೆರೆದುಕೊಳ್ಳುವುದರಿಂದ ಮುಂದಿನ ಮಳೆಯ ಕೆಸರು ಮೊದಲಿಗಿಂತ ಆಳಕ್ಕೆ ಇಳಿಯುತ್ತದೆ. ಕಲೆ ತುಕ್ಕಿನದಾಗಿದ್ದರೆ, ಕರಗಿದ ತುಕ್ಕು ಹಳದಿ ದ್ರವವಾಗಿ ಸುತ್ತಲೂ ಹರಡಿ, ಒಣಗಿದ ಮೇಲೆ ಅಂಗೈಯಗಲದ ಕಲೆಯನ್ನು ತಟ್ಟೆಯಗಲ ಮಾಡುತ್ತದೆ. ಕಾಂಕ್ರೀಟಿನೊಳಗೆ ಇಳಿದ ಕ್ಲೋರೈಡ್ ಒಳಗಿನ ಕಬ್ಬಿಣದ ಸರಳುಗಳನ್ನು ಕಾಯುವ ರಕ್ಷಾಪದರವನ್ನು ಭೇದಿಸುತ್ತದೆ. ಆಸಿಡಿನ ಹಬೆ ಗೇಟು, ಗ್ರಿಲ್ಲು, ನಿಲ್ಲಿಸಿದ ಬೈಕುಗಳ ಲೋಹವನ್ನು ತಿನ್ನುತ್ತದೆ. ತುಕ್ಕು ತೆಗೆಯಲೆಂದು ಸುರಿದ ದ್ರವವೇ ಹೊಸ ತುಕ್ಕನ್ನು ಹುಟ್ಟಿಸುವುದು ಹೀಗೆ. ಗ್ರಾನೈಟಿನ ಮೇಲೆ ನೊರೆ ಬರುವುದಿಲ್ಲವೆಂದು ಧೈರ್ಯಪಡುವವರೂ ತಪ್ಪುತ್ತಾರೆ: ಮಾದಾಪುರದ ದುರ್ಗಂ ಚೆರುವು ಕೆರೆಯ ಸುತ್ತಲ ಬಂಡೆಗಳಂಥ ಗ್ರಾನೈಟಿನಲ್ಲಿ ಕಪ್ಪು ಚುಕ್ಕೆಗಳಾಗಿ ಕಾಣುವ ಬಯೊಟೈಟ್ ಎಂಬ ಅಭ್ರಕದಲ್ಲಿ ಕಬ್ಬಿಣವಿರುತ್ತದೆ, ಬಲವಾದ ಆಮ್ಲ ಅದನ್ನು ಹೊರಗೆಳೆದರೆ ಕೆಲಕಾಲದ ನಂತರ ಕಲ್ಲೇ ಹಳದಿಗಟ್ಟುತ್ತದೆ.

ಕೆಮ್ಮಣ್ಣಿನ ಕಲೆಯನ್ನೂ ತುಕ್ಕಿನ ಕಲೆಯನ್ನೂ ಒಂದೇ ಎಂದು ಎಣಿಸುವುದು ಈ ತಪ್ಪಿಗೆ ಒತ್ತಾಸೆ. ಎರಡರ ಬಣ್ಣಕ್ಕೂ ಕಬ್ಬಿಣದ ಆಕ್ಸೈಡುಗಳೇ ಕಾರಣವೆಂಬುದು ನಿಜ. ಹೊಸ್ತಿಲಿಗೂ ತುಳಸಿಕಟ್ಟೆಗೂ ಬಳಿಯುವ ಕೆಮ್ಮಣ್ಣಿನ ಬಣ್ಣವೂ ಅದೇ. ಆದರೆ ಮಣ್ಣಿನ ಕಲೆ ಎಂದರೆ 2 ಮೈಕ್ರಾನಿಗಿಂತ, ಎಂದರೆ ಒಂದು ಮಿಲಿಮೀಟರಿನ ಐನೂರನೇ ಒಂದು ಭಾಗಕ್ಕಿಂತ ಸಣ್ಣದಾದ ಜೇಡಿಕಣಗಳು ಕಲ್ಲಿನ ರಂಧ್ರಗಳಲ್ಲಿ ಸಿಕ್ಕಿಕೊಂಡಿರುವುದು ಮಾತ್ರ. ಅದಕ್ಕೆ ಆಮ್ಲ ಬೇಕಿಲ್ಲ. ಕೆಸರನ್ನು ಪೂರ್ತಿ ಒಣಗಲು ಬಿಟ್ಟು, ಗಟ್ಟಿ ನಾರಿನ ಬ್ರಷ್ಷಿನಿಂದ ಉಜ್ಜಿ ಗುಡಿಸಿ, ಆಮೇಲೆ ಸೋಪಿನ ನೀರು ಹಾಕಿ ತೊಳೆದರೆ ಬಹುಪಾಲು ಹೋಗುತ್ತದೆ; ಹಸಿಯಾಗಿದ್ದಾಗ ತಿಕ್ಕಿದರೆ ಅದು ಇನ್ನಷ್ಟು ಒಳಗೆ ಹೋಗುತ್ತದೆ.

ತುಕ್ಕಿಗೆ ಬೇಕಾದದ್ದು ಕಬ್ಬಿಣವನ್ನು ಹಿಡಿದು ನೀರಿನಲ್ಲಿ ಕರಗಿಸುವ, ಕಲ್ಲನ್ನು ಮುಟ್ಟದ ವಸ್ತು. ಸುಣ್ಣಕಲ್ಲು ಮತ್ತು ಸಿಮೆಂಟಿಗೆ 1 ಪಾಲು ಸೋಡಿಯಂ ಸಿಟ್ರೇಟ್, 6 ಪಾಲು ಬೆಚ್ಚನೆಯ ನೀರು, 7 ಪಾಲು ಗ್ಲಿಸರಿನ್ ಬೆರೆಸಿ, ಸೀಮೆಸುಣ್ಣದ ಪುಡಿಯೊಂದಿಗೆ ಕಲಸಿದ ಲೇಪ ತಕ್ಕದ್ದು. ಜಾಗವನ್ನು ಮೊದಲು ನೀರಿನಿಂದ ನೆನೆಸಿ, ಲೇಪವನ್ನು ದಪ್ಪಗೆ ಹಚ್ಚಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ ಒಂದೆರಡು ದಿನ ಬಿಟ್ಟು ತೆಗೆದು ತೊಳೆಯಬೇಕು. ಹಳೆಯ ಕಲೆಗೆ ಇದು ಎರಡು ಮೂರು ಸಲ ಬೇಕಾದೀತು. ಗ್ರಾನೈಟಿಗೆ ಆಕ್ಸಾಲಿಕ್ ಆಮ್ಲದ ತೆಳು ದ್ರಾವಣ ಸಾಕು, ಆದರೆ ಸಕ್ಕರೆಯಂತೆ ಕಾಣುವ ಆ ಹರಳುಗಳು ವಿಷ. ಮಕ್ಕಳ ಕೈಗೆ ಸಿಗಬಾರದು, ಕೈಗವಸು ಮತ್ತು ಕನ್ನಡಕವಿಲ್ಲದೆ ಬಳಸಬಾರದು. ಯಾವುದನ್ನೇ ಆಗಲಿ ಮೊದಲು ಮೂಲೆಯಲ್ಲಿ ಪರೀಕ್ಷಿಸಿ ನೋಡಬೇಕು.

ಉಳಿದ ನಂಬಿಕೆಗಳಿಗೆ ಹೆಚ್ಚು ಮಾತು ಬೇಕಿಲ್ಲ. ನಿಂಬೆರಸವೂ ಕೋಲಾ ಪಾನೀಯವೂ ಮನೆಯ ವಸ್ತುಗಳಾದ ಮಾತ್ರಕ್ಕೆ ಆಮ್ಲಗಳಾಗದೆ ಉಳಿಯುವುದಿಲ್ಲ. ಉಕ್ಕಿನ ತಂತಿಯ ಬ್ರಷ್ಷು ತನ್ನ ಚೂರುಗಳನ್ನು ಬಿಟ್ಟುಹೋಗಿ ಅಲ್ಲೇ ತುಕ್ಕು ಹಿಡಿಸುತ್ತದೆ. ಬ್ಲೀಚಿಂಗ್ ಪೌಡರ್ ಮಾಡುವ ಕೆಲಸ ಆಕ್ಸಿಡೀಕರಣ, ಅಂದರೆ ವಸ್ತುವನ್ನು ಆಮ್ಲಜನಕದೊಡನೆ ಕೂಡಿಸುವುದು. ತುಕ್ಕಿನಲ್ಲಿ ಕಬ್ಬಿಣ ಮೊದಲೇ ಆ ಸ್ಥಿತಿ ತಲುಪಿರುವುದರಿಂದ ಅಲ್ಲಿ ಅದರಿಂದ ಏನೂ ಆಗದು.

ಇಷ್ಟು ಸರಳವಾದ ರಸಾಯನ ಶಾಸ್ತ್ರವನ್ನು ಶಾಲೆಯಲ್ಲಿ ಓದಿ ಪರೀಕ್ಷೆ ಬರೆದವರೂ ಮೊಬೈಲಿನಲ್ಲಿ ಬರುವ ಅರ್ಧ ನಿಮಿಷದ ದೃಶ್ಯವನ್ನು ನಂಬುತ್ತಾರೆ. ಆ ದೃಶ್ಯ ನೊರೆಯನ್ನೂ ನೀರು ಸುರಿದ ಒದ್ದೆ ಕಲ್ಲಿನ ಹೊಳಪನ್ನೂ ತೋರಿಸಿ ಮುಗಿಯುತ್ತದೆ. ಒಣಗಿದ ಮೇಲೆ ಕಾಣುವ ಬಿಳಿಚು ಗುರುತನ್ನು ತೋರಿಸುವುದಿಲ್ಲ. ಕಣ್ಣಿಗೆ ಕಂಡದ್ದೇ ಪುರಾವೆ ಎಂದುಕೊಂಡು, ಕಂಡದ್ದೇನು ಎಂದು ಕೇಳದ ಈ ಅಭ್ಯಾಸವೇ ಔಷಧದಲ್ಲೂ ಆಹಾರದಲ್ಲೂ ಜನರನ್ನು ಮೋಸಗೊಳಿಸುತ್ತಿದೆ. ಕಲೆ ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನೂ ಯಾರೂ ಎತ್ತುವುದಿಲ್ಲ. ಲೀಟರಿಗೆ 0.3 ಮಿಲಿಗ್ರಾಂ ಕಬ್ಬಿಣ ಮೀರಿದ ನೀರು ಬಟ್ಟೆಗೂ ನಲ್ಲಿಗಳಿಗೂ ಕಲೆ ಹಿಡಿಸುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂಥ ಬೋರ್‌ವೆಲ್ ನೀರಿನಿಂದಲೇ ಅಂಗಳ ತೊಳೆಯುತ್ತಿದ್ದರೆ ಯಾವ ಲೇಪವೂ ನಿಲ್ಲದು. ಸ್ಲ್ಯಾಬಿನ ಬಿರುಕಿನಿಂದ ತುಕ್ಕು ಒಸರುತ್ತಿದ್ದರೆ ಅದು ಒಳಗಿನ ಸರಳು ಉಬ್ಬಿ ಕಾಂಕ್ರೀಟನ್ನು ಒಡೆಯುತ್ತಿರುವ ಸೂಚನೆ. ಅಲ್ಲಿ ಕರೆಸಬೇಕಾದದ್ದು ಎಂಜಿನಿಯರನ್ನು.

ಬಾಟಲಿ ತರಿಸುವವರು ಒಬ್ಬರು, ಬರಿಗೈಯಲ್ಲಿ ಸುರಿಯುವವರು ಇನ್ನೊಬ್ಬರು; ಆ ಕೆಲಸ ಸಾಮಾನ್ಯವಾಗಿ ಬೀಳುವುದು ವಾಚ್‌ಮನ್ನರ ಮತ್ತು ಶುಚಿಗೊಳಿಸುವ ಹೆಂಗಸರ ಮೇಲೆ. ಸುಪ್ರೀಂ ಕೋರ್ಟು 2013ರ ಜುಲೈನಲ್ಲಿ ಆಸಿಡಿನ ಬಿಡಿ ಮಾರಾಟಕ್ಕೆ ಗುರುತುಪತ್ರ ಮತ್ತು ದಾಖಲೆ ಪುಸ್ತಕದ ನಿರ್ಬಂಧ ಹಾಕಿದ್ದು ದಾಳಿಗಳನ್ನು ತಡೆಯಲು, ಅಂಗಳ ತೊಳೆಯುವವರನ್ನು ಕಾಯುವ ಹೊಣೆ ಮನೆಯವರದೇ. ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಆಸಿಡಿನ ಮೇಲೆ ಬ್ಲೀಚಿಂಗ್ ಪೌಡರ್ ಬಿದ್ದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ, ಅದು ಗಾಳಿಗಿಂತ ಭಾರವಾದ್ದರಿಂದ ಬಾಗಿ ತಿಕ್ಕುತ್ತಿರುವವರ ಮುಖದ ಮಟ್ಟದಲ್ಲೇ ನಿಲ್ಲುತ್ತದೆ. ಈ ಎರಡನ್ನೂ ದಯವಿಟ್ಟು ಯಾರ ಕೈಗೂ ಒಟ್ಟಿಗೆ ಕೊಡಬೇಡಿ.