ಫ್ಲಾಪಿ ಡ್ರೈವಿನ ಗೊಣಗಾಟಕ್ಕೂ ಶ್ರುತಿಯಿದೆ

ತೊಂಬತ್ತರ ದಶಕದಲ್ಲಿ ಕಂಪ್ಯೂಟರ್ ಮುಂದೆ ಕೂತವರಿಗೆ ಫ್ಲಾಪಿ ಡ್ರೈವಿನ ಸದ್ದು ಮರೆತಿರಲಿಕ್ಕಿಲ್ಲ. ಫೈಲ್ ತೆರೆ ಎಂದರೆ ಒಂದಿಷ್ಟು ಹೊತ್ತು ಗರ್ರ್ ಗರ್ರ್ ಎಂದು ಗೊಣಗಿ, ಆಮೇಲೆ ಕೆಲಸಕ್ಕಿಳಿಯುತ್ತಿತ್ತು. ಪೋಲೆಂಡಿನ ಎಂಜಿನಿಯರ್ ಪಾವೆಲ್ ಜಾದ್ರೋಜ್ನ್ಯಾಕ್ 2011ರಲ್ಲಿ ಇಂಥ ಎರಡು ಡ್ರೈವುಗಳಿಂದ ‘ಸ್ಟಾರ್ ವಾರ್ಸ್’ ಸಿನಿಮಾಗಳ ಇಂಪೀರಿಯಲ್ ಮಾರ್ಚ್ ನುಡಿಸಿಬಿಟ್ಟರು. ಸ್ಪೀಕರ್ ಇರಲಿಲ್ಲ, ಕೇಳಿಸಿದ್ದು ಡ್ರೈವಿನ ಅದೇ ಹಳೆಯ ಗೊಣಗಾಟ.

ಈ ಸದ್ದು ಮುಖ್ಯವಾಗಿ ಹುಟ್ಟುವುದು ಫ್ಲಾಪಿ ತಿರುಗುವುದರಿಂದಲ್ಲ, ಅದನ್ನು ಓದುವ ಹೆಡ್ ಸರಿದಾಡುವುದರಿಂದ. ಮೂರೂವರೆ ಇಂಚಿನ ಫ್ಲಾಪಿಯ ಒಂದೊಂದು ಮುಖದಲ್ಲೂ 80 ಟ್ರ್ಯಾಕುಗಳಿರುತ್ತವೆ. ಹೆಡ್ಡನ್ನು ಒಂದರಿಂದ ಇನ್ನೊಂದಕ್ಕೆ ಒಯ್ಯುವುದು ಸ್ಟೆಪ್ಪರ್ ಮೋಟಾರ್. ಒಂದು ಪಲ್ಸ್ ಕೊಟ್ಟರೆ ಒಂದು ಹೆಜ್ಜೆ, ಹೆಜ್ಜೆಗೊಂದು ‘ಟಕ್’. ನಿಧಾನಕ್ಕೆ ಕೊಟ್ಟರೆ ಟಕ್ ಟಕ್‌ಗಳು ಬಿಡಿಬಿಡಿಯಾಗಿ ಕೇಳುತ್ತವೆ. ಸೆಕೆಂಡಿಗೆ 440 ಕೊಟ್ಟರೆ ಕಿವಿ ಎಣಿಸುವುದನ್ನು ಬಿಟ್ಟು, ಎಲ್ಲವನ್ನೂ ಸೇರಿಸಿ ಒಂದೇ ಸ್ವರವಾಗಿ ಕೇಳಿಸಿಕೊಳ್ಳುತ್ತದೆ. ಪಾಶ್ಚಾತ್ಯ ವಾದ್ಯಗಳನ್ನು ಶ್ರುತಿ ಮಾಡುವ ‘ಎ’ ಸ್ವರ ಅದೇ. 220ಕ್ಕೆ ಇಳಿಸಿದರೆ ಸ್ವರವೂ ಒಂದು ಸ್ಥಾಯಿ ಕೆಳಗಿಳಿಯುತ್ತದೆ.

ಡ್ರೈವಿನ ಹಿಂದಿರುವ 34 ಪಿನ್ನುಗಳಲ್ಲಿ 20ನೆಯದು ಹೆಜ್ಜೆಗೆ, 18ನೆಯದು ದಿಕ್ಕಿಗೆ. ಆರ್ಡುಯಿನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು ಈ ಎರಡನ್ನೂ ಸಲೀಸಾಗಿ ನಡೆಸುತ್ತದೆ. ತೊಡಕೆಂದರೆ, ಹೆಡ್ಡಿಗೆ ಓಡಾಡಲು ಇರುವ ಜಾಗ ಅಷ್ಟೇ. ಸೆಕೆಂಡಿಗೆ 440ರಂತೆ ನಡೆದರೆ 80 ಹೆಜ್ಜೆಗಳು ಸೆಕೆಂಡಿನ ಐದನೇ ಒಂದು ಭಾಗದೊಳಗೇ ಮುಗಿಯುತ್ತವೆ. ಹಾಗಾಗಿ ಪ್ರೋಗ್ರಾಮು ಹೆಜ್ಜೆ ಎಣಿಸುತ್ತಾ ದಿಕ್ಕು ಬದಲಿಸುತ್ತಿರಬೇಕು. ಒಂದು ದೀರ್ಘ ಸ್ವರಕ್ಕಾಗಿ ಹೆಡ್ ಒಳಗೇ ಹಿಂದೆ ಮುಂದೆ ಓಡುತ್ತಿರುತ್ತದೆ. ಇಂಪಾಗಿರುತ್ತದೆಯೇ ಎಂದರೆ, ಡಬ್ಬಿಯೊಳಗೆ ಸಿಕ್ಕಿಕೊಂಡ ದುಂಬಿ ಹಾಡಿದಂತಿರುತ್ತದೆ. ನನಗಂತೂ ಇಷ್ಟ.

ಹಾರ್ಮೋನಿಯಂನಂತೆ ಇಲ್ಲಿ ಸ್ವರಗಳಿಗೆ ಗೊತ್ತಾದ ಮನೆಗಳಿಲ್ಲ. ಪಲ್ಸುಗಳ ನಡುವಿನ ಬಿಡುವನ್ನು ಕೂದಲೆಳೆಯಷ್ಟು ಹಿಗ್ಗಿಸಬಹುದು, ಕುಗ್ಗಿಸಬಹುದು. ನಮ್ಮ ಸಂಗೀತದ ಜಾರುವನ್ನೂ ಒಂದು ಮಟ್ಟಿಗೆ ತರಬಹುದು. ನಿಜಕ್ಕೂ ಕಷ್ಟವಿರುವುದು ಮೆಲ್ಲಗೆ ನುಡಿಸುವುದರಲ್ಲಿ. ಡ್ರೈವಿಗೆ ಒಂದೇ ದನಿ, ತಗ್ಗಿಸುವ ಉಪಾಯವಿಲ್ಲ. ಜಾದ್ರೋಜ್ನ್ಯಾಕ್ ಇದಕ್ಕೆ ಕಂಡುಕೊಂಡ ದಾರಿ ಗುಂಪುಗಾಯನ. ಸ್ವರ ಹೊರಡುವಾಗ ಹಲವು ಡ್ರೈವುಗಳು ಒಟ್ಟಿಗೆ ನುಡಿಯುತ್ತವೆ, ಆಮೇಲೆ ಒಂದೊಂದಾಗಿ ಸುಮ್ಮನಾಗುತ್ತವೆ. ತಂತಿ ಮೀಟಿದಾಗ ನಾದ ಸಣ್ಣಗಾಗುವ ಬಗೆಯೇ ಅದು. 2016ರಲ್ಲಿ ಅವರ ‘ಫ್ಲಾಪಟ್ರಾನ್’ ಎಂಬ ಮೇಳದಲ್ಲಿ 64 ಡ್ರೈವುಗಳಿದ್ದವು; 2022ರ ಹೊತ್ತಿಗೆ 512.

ಅದೇ ಮೇಳದಲ್ಲಿ 16 ಹಾರ್ಡ್ ಡಿಸ್ಕುಗಳೂ 4 ಸ್ಕ್ಯಾನರುಗಳೂ ಇವೆ. ಹಾರ್ಡ್ ಡಿಸ್ಕಿನ ಕೈಯನ್ನು ಆಡಿಸುವುದು ಸ್ಪೀಕರಿನಲ್ಲಿರುವಂಥದೇ ಸುರುಳಿ ಮತ್ತು ಅಯಸ್ಕಾಂತ. ಅದಕ್ಕೆ ಒಮ್ಮೆಗೇ ಕರೆಂಟು ಹರಿಸಿದರೆ ಕೈ ಹೋಗಿ ತಡೆಗೆ ಬಡಿಯುತ್ತದೆ. ತಾಳಕ್ಕೆ ಅಷ್ಟು ಸಾಕು. ಸ್ಕ್ಯಾನರಿನಲ್ಲಿ ಓಡಾಡಲು ಜಾಗ ಹೆಚ್ಚು, ಹೆಜ್ಜೆಗಳೂ ಸಣ್ಣವು; ಆದ್ದರಿಂದ ಮೇಲಿನ ಸ್ವರಗಳು ಅದರ ಪಾಲಿಗೆ. ಸ್ಕ್ಯಾನರಿನೊಳಗೆ ಸಂಗೀತವಿದೆಯೆಂದು ಅದನ್ನು ತಯಾರಿಸಿದವರಿಗೂ ತಿಳಿದಿತ್ತು. ಎಚ್‌ಪಿಯ ಕೆಲವು ಹಳೆಯ ಸ್ಕ್ಯಾನ್‌ಜೆಟ್‌ಗಳಲ್ಲಿ ಸ್ಕ್ಯಾನ್ ಗುಂಡಿ ಒತ್ತಿ ಹಿಡಿದು ಆನ್ ಮಾಡಿದರೆ ಮೋಟಾರೇ ಬೀಥೋವನ್‌ನ ‘ಓಡ್ ಟು ಜಾಯ್’ ನುಡಿಸುತ್ತಿತ್ತು!

ಮಾಡಿ ನೋಡುವ ಆಸೆಯಿದ್ದವರು ತಗ್ಗಿನ ಸ್ಥಾಯಿಯ, ನಡಿಗೆ ಖಚಿತವಾಗಿರುವ ಮಟ್ಟನ್ನೇ ಆರಿಸಿಕೊಳ್ಳಿ. ಪಲ್ಸುಗಳು ಅತಿಯಾಗಿ ಬೇಗ ಬಂದರೆ ಮೋಟಾರು ಹೆಜ್ಜೆ ತಪ್ಪಿ, ನಿಂತಲ್ಲೇ ನಡುಗತೊಡಗುತ್ತದೆ.