ಮನೆಯಲ್ಲಿ ಸಾಲು ಮೀನುತೊಟ್ಟಿ: ಮೊದಲು ನೀರು, ಅನಂತರ ಮೀನು

ಚನ್ನಪಟ್ಟಣ: ತಾಲ್ಲೂಕಿನ ಹೊಂಗನೂರಿನಂಥ ಗ್ರಾಮಗಳಲ್ಲಿ ರೇಷ್ಮೆ ಸಾಕಣೆ ಬಲ್ಲವರಿಗೆ ಅಂತಸ್ತು ಕಟ್ಟಿ ಜೀವ ಸಾಕುವುದು ಹೊಸತೇನಲ್ಲ. ಒಂದು ತಟ್ಟೆಯ ರೋಗ ಇನ್ನೊಂದಕ್ಕೆ ಹರಡದಂತೆ ಕಾಯುವ ಆ ಶಿಸ್ತೇ ಮನೆಯೊಳಗೆ ಹಲವು ಮೀನುತೊಟ್ಟಿ ಇಡಲು ಹೊರಟವರಿಗೂ ಅಡಿಪಾಯ.

ಭಾರದ ಲೆಕ್ಕ

ಯೋಜನೆ ಆರಂಭವಾಗಬೇಕಾದುದು ತೂಕದಿಂದ. 90 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 38 ಸೆಂ.ಮೀ. ಎತ್ತರದ ತೊಟ್ಟಿ ಸುಮಾರು 100 ಲೀಟರ್ ಹಿಡಿಯುತ್ತದೆ. ನೀರೊಂದೇ 100 ಕೆ.ಜಿ.; ಗಾಜು, ಜಲ್ಲಿ ಸೇರಿದರೆ 125 ಕೆ.ಜಿ. ದಾಟುತ್ತದೆ. ಇಂತಹ ಮೂರು ತೊಟ್ಟಿಗಳ ಭಾರ 400 ಕೆ.ಜಿ. ಸಮೀಪಿಸುವುದರಿಂದ ನೆಲಮಹಡಿ, ಸಮತಟ್ಟಾದ ನೆಲ, ಬೆಸುಗೆ ಹಾಕಿದ ಕಬ್ಬಿಣದ ಸ್ಟ್ಯಾಂಡು ಅವಶ್ಯಕ. ದೊಡ್ಡ ತೊಟ್ಟಿ ಕೆಳಗಿರಬೇಕು. ಅಂತಸ್ತುಗಳ ನಡುವೆ ಕೈ, ಬಲೆ ಆಡುವಷ್ಟು ಜಾಗ ಬಿಡಬೇಕು. ನೇರ ಬಿಸಿಲು ಬಿದ್ದರೆ ಪಾಚಿ ಬೆಳೆಯುತ್ತದೆ.

ಒಂದೇ ಶೋಧಕವೋ, ಬೇರೆ ಬೇರೆಯೋ?

ಎಲ್ಲ ತೊಟ್ಟಿಗಳನ್ನೂ ಒಂದೇ ಶೋಧಕಕ್ಕೆ ಜೋಡಿಸಿದರೆ ನಿರ್ವಹಣೆ ಸುಲಭ; ಆದರೆ ರೋಗವೂ ಅದೇ ಹಾದಿಯಲ್ಲಿ ಹರಡುತ್ತದೆ. ಹೊಸಬರಿಗೆ ಪ್ರತಿ ತೊಟ್ಟಿಗೊಂದು ಸ್ಪಂಜಿನ ಶೋಧಕವಿಟ್ಟು, ಎಲ್ಲಕ್ಕೂ ಒಂದೇ ಗಾಳಿ ಪಂಪ್‌ನಿಂದ ಕೊಳವೆ ಎಳೆಯುವುದು ಸುರಕ್ಷಿತ. ಪಂಪ್ ನೀರಿನ ಮಟ್ಟಕ್ಕಿಂತ ಮೇಲಿರಬೇಕು. ಇಲ್ಲವಾದರೆ ವಿದ್ಯುತ್ ಹೋದಾಗ ನೀರು ಕೊಳವೆಯಲ್ಲಿ ಹಿಂದಕ್ಕೆ ಹರಿದು ಪಂಪ್ ಸೇರುತ್ತದೆ. ವಿದ್ಯುತ್ ಕಡಿತದ ವೇಳೆಗಾಗಿ ಬ್ಯಾಟರಿಯ ಗಾಳಿ ಪಂಪ್ ಇರುವುದೊಳಿತು.

ಹೊಸ ತೊಟ್ಟಿಗೆ ಅಂದೇ ಮೀನು ತುಂಬುವುದು ಸಾಮಾನ್ಯ ತಪ್ಪು. ಮೀನಿನ ಹಿಕ್ಕೆಯಿಂದ ಹುಟ್ಟುವ ಅಮೋನಿಯಾವನ್ನು ಸ್ಪಂಜಿನಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳು ನೈಟ್ರೈಟ್ ಆಗಿ, ಬಳಿಕ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಈ ವ್ಯವಸ್ಥೆ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಸ್ಪಂಜನ್ನು ನಲ್ಲಿ ನೀರಿನಲ್ಲಿ ತೊಳೆದರೆ ಕ್ಲೋರಿನ್ ಆ ಬ್ಯಾಕ್ಟೀರಿಯಾಗಳನ್ನೇ ಕೊಲ್ಲಬಹುದು. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಬೇಕು. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿದರೆ ಸಾಕು.

ನೀರಿಗೆ ತಕ್ಕ ಮೀನು

ಕೊಳವೆಬಾವಿಯ ನೀರು ಗಡಸಾಗಿದ್ದರೆ ಗಪ್ಪಿ, ಮೋಲಿ, ಪ್ಲಾಟಿ ಮೀನುಗಳು ಅದಕ್ಕೆ ಹೊಂದಿಕೊಳ್ಳುತ್ತವೆ. ಮೆದು ನೀರು ಬಯಸುವ ನಿಯಾನ್ ಟೆಟ್ರಾ, ಡಿಸ್ಕಸ್ ಅಲ್ಲಿ ಸೊರಗುತ್ತವೆ. ಹೊಸ ಮೀನನ್ನು ಪ್ರತ್ಯೇಕ ತೊಟ್ಟಿಯಲ್ಲಿ ಎರಡರಿಂದ ನಾಲ್ಕು ವಾರ ಇರಿಸಿ, ಅದಕ್ಕೆ ಬೇರೆಯೇ ಬಲೆ ಬಳಸಬೇಕು.

ಹುಳುಮನೆಯ ಎಚ್ಚರ ಇಲ್ಲಿಯೂ ಸಲ್ಲುತ್ತದೆ. ಸೊಳ್ಳೆಬತ್ತಿಯಲ್ಲಿನ ಪೈರೆಥ್ರಾಯ್ಡ್ ರೇಷ್ಮೆಹುಳುವಿಗೆ ಹೇಗೋ ಮೀನಿಗೂ ಹಾಗೆಯೇ ವಿಷ. ಸೋಂಕು ನಿವಾರಣೆಗೆ ಬಳಸುವ ಬ್ಲೀಚಿಂಗ್ ಪುಡಿಯ ಕೈ, ಬಕೆಟ್ಟು ತೊಟ್ಟಿಯ ಹತ್ತಿರ ಸುಳಿಯಬಾರದು.

ಕೆರೆಗೆ ಬಿಡಬೇಡಿ

ಮೀನು ಬೆಳೆದು ಜಾಗ ಸಾಲದಾದಾಗ ಊರ ಕೆರೆಗೆ ಬಿಡುವುದು ಕರುಣೆಯಂತೆ ಕಂಡರೂ ಹಾನಿಯ ಕೆಲಸ. ತೊಟ್ಟಿ ಶುಚಿಗೊಳಿಸಲೆಂದು ಮಾರಲಾಗುವ ದಕ್ಷಿಣ ಅಮೆರಿಕ ಮೂಲದ ಸಕ್ಕರ್ ಮೀನು ಅಡಿಗೂ ಮೀರಿ ಬೆಳೆದು, ದಡ ಕೊರೆದು, ಸ್ಥಳೀಯ ಮೀನುಗಳ ಆಹಾರ ಕಸಿಯುತ್ತದೆ. ತಾಲ್ಲೂಕಿನ ಕಣ್ವ ನದಿಯ ನೀರು ಶಿಂಷಾ ಮೂಲಕ ಕಾವೇರಿ ಸೇರುವುದರಿಂದ ಇಲ್ಲಿ ಬಿಟ್ಟದ್ದು ಇಲ್ಲಿಗೇ ನಿಲ್ಲುವುದಿಲ್ಲ. ಹೆಚ್ಚಾದ ಮೀನನ್ನು ಅಂಗಡಿಗೆ ಮರಳಿಸುವುದು ಅಥವಾ ಮತ್ತೊಬ್ಬ ಸಾಕಣೆದಾರರಿಗೆ ನೀಡುವುದೇ ಸರಿ. ಬದಲಿಸಿದ ನೀರಿಗಂತೂ ಮನೆಯ ತೆಂಗಿನ ಬುಡವಿದೆ. ಅದರಲ್ಲಿನ ನೈಟ್ರೇಟ್ ಗಿಡಕ್ಕೆ ಗೊಬ್ಬರ.