ಮಕ್ಕಳ ಕಾಲೇಜು ಖರ್ಚು: ಪಿಯುಸಿ ಮುಗಿದ ಮೇಲಲ್ಲ, ಐದನೇ ತರಗತಿಯಲ್ಲೇ ತೆರೆಯಬೇಕಾದ ಖಾತೆ

ಗಾದಿಗನೂರು ಹೊಸಪೇಟೆ–ಬಳ್ಳಾರಿ ರೈಲು ದಾರಿಯ ಮೇಲಿರುವ ಊರು. ಇಂಥ ಊರಿನಲ್ಲಿ ಕಿರಾಣಿ ಅಂಗಡಿ ನಡೆಸುವ ಒಂದು ಜೈನ ಕುಟುಂಬವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ವರ್ಷವಿಡೀ ವ್ಯಾಪಾರವಿದೆ, ಊರಿನಲ್ಲಿ ಮರ್ಯಾದೆಯಿದೆ. ಮಗಳಿಗೆ ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕ್ ಬಂದು ಎಂಜಿನಿಯರಿಂಗ್ ಸೀಟು ಸಿಕ್ಕಿದೆ. ಶುಲ್ಕ ಕಟ್ಟಲು ಇರುವುದು ಕೆಲವೇ ದಿನ. ಆದರೆ ಅಂಗಡಿಯ ಹಣವೆಲ್ಲ ಸರಕಿನಲ್ಲಿದೆ, ಉಳಿದದ್ದು ಉದ್ರಿಯಲ್ಲಿದೆ. ಬೇರೆ ದಾರಿ ಕಾಣದೆ ತಂದೆ ಪೇಟೆಯಲ್ಲಿ ಎರಡು ರೂಪಾಯಿ ಬಡ್ಡಿಗೆ ಒಂದು ಲಕ್ಷ ತರುತ್ತಾರೆ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಎಂದರೆ ವರ್ಷಕ್ಕೆ ಶೇ. 24. ಒಂದು ಲಕ್ಷಕ್ಕೆ ವರ್ಷಕ್ಕೆ 24,000 ರೂಪಾಯಿ ಬಡ್ಡಿಯಾಯಿತು. ಮುಂದಿನ ವರ್ಷ ಮತ್ತೆ ಶುಲ್ಕ ಬರುತ್ತದೆ. ಮಗಳ ಓದು ಮುಗಿಯುವ ಹೊತ್ತಿಗೆ ಅಂಗಡಿಯ ಬಂಡವಾಳವೇ ಕರಗಿರುತ್ತದೆ.

ಈ ಕುಟುಂಬ ಬಡತನದಿಂದ ಸೋತದ್ದಲ್ಲ, ತಡಮಾಡಿ ಸೋತದ್ದು. ಸರಕು ಯಾವಾಗ ಕೊಳ್ಳಬೇಕು, ಯಾವಾಗ ಮಾರಬೇಕು ಎಂದು ವರ್ಷದ ಮೊದಲೇ ಲೆಕ್ಕ ಹಾಕುವ ವ್ಯಾಪಾರಸ್ಥರೂ ಮಕ್ಕಳ ಕಾಲೇಜಿನ ಲೆಕ್ಕವನ್ನು ಕೊನೆಯ ತಿಂಗಳಿಗೆ ಬಿಟ್ಟುಬಿಡುತ್ತಾರೆ. ಈ ಲೆಕ್ಕಕ್ಕೆ ಎರಡು ಭಾಗ. ಒಂದು ಕಾಗದಪತ್ರ, ಇನ್ನೊಂದು ಹಣ. ಎರಡನ್ನೂ ಮಗು ಐದನೇ ತರಗತಿಯಲ್ಲಿರುವಾಗಲೇ ಶುರುಮಾಡಬೇಕು.

ನಮ್ಮ ಹಿರಿಯರು ಹಾಕಿದ ದಾರಿ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಶಾಸ್ತ್ರದಾನಕ್ಕೆ ನಮ್ಮಲ್ಲಿ ದೊಡ್ಡ ಸ್ಥಾನವಿದೆ. ಹತ್ತನೇ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದ್ದು ಎಲ್ಲರಿಗೂ ಗೊತ್ತು. ಹೊಸ ಕಾಲದಲ್ಲಿ ಈ ದಾನ ವಿದ್ಯಾರ್ಥಿನಿಲಯದ ರೂಪ ಪಡೆಯಿತು. 1899ರಲ್ಲಿ ನಿಪ್ಪಾಣಿ ಸಮೀಪದ ಸ್ತವನಿಧಿಯಲ್ಲಿ ಹುಟ್ಟಿದ ದಕ್ಷಿಣ ಮಹಾರಾಷ್ಟ್ರ ಜೈನ ಸಭೆ ಹಳ್ಳಿಯ ಮಕ್ಕಳು ಪಟ್ಟಣದಲ್ಲಿ ಉಳಿದು ಓದಲೆಂದು ಜೈನ ಬೋರ್ಡಿಂಗ್‌ಗಳನ್ನು ಕಟ್ಟಿತು. ಕೊಲ್ಹಾಪುರದ ಬೋರ್ಡಿಂಗ್‌ನಲ್ಲಿದ್ದು ಓದಿದ ಭಾವೂರಾವ್ ಪಾಟೀಲರು 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ, ಎಲ್ಲ ಜಾತಿಯ ಬಡ ಮಕ್ಕಳಿಗೆ ದುಡಿಯುತ್ತ ಕಲಿಯುವ ದಾರಿ ತೋರಿಸಿದರು. ಆಚಾರ್ಯ ವಿಜಯವಲ್ಲಭಸೂರಿಗಳ ಪ್ರೇರಣೆಯಿಂದ 1915ರಲ್ಲಿ ಮುಂಬಯಿಯಲ್ಲಿ ಶ್ರೀ ಮಹಾವೀರ ಜೈನ ವಿದ್ಯಾಲಯ ಆರಂಭವಾಯಿತು. ನಮ್ಮ ನಾಡಿನಲ್ಲಿ ಉಜಿರೆಯ ಸಿದ್ಧವನ ಗುರುಕುಲ ಸಾವಿರಾರು ಹುಡುಗರಿಗೆ ಊಟ ವಸತಿ ಕೊಟ್ಟು ಓದಿಸಿದೆ.

ಸಮಾಜದ ನೆರವು ಕೇಳಲು ಸಂಕೋಚಪಡುವ ಪಾಲಕರು ಇದನ್ನು ನೆನಪಿಡಬೇಕು. ಹಿಂದಿನವರು ಪಡೆದರು, ಓದಿದರು, ತಿರುಗಿ ಕೊಟ್ಟರು. ಪಡೆಯುವುದರಲ್ಲಿ ನಾಚಿಕೆಯಿಲ್ಲ.

ಮೊದಲು ಕಾಗದಪತ್ರ

ಅನೇಕ ಮನೆಗಳಲ್ಲಿ ಮಗುವನ್ನು ಒಂದನೇ ತರಗತಿಗೆ ಸೇರಿಸುವಾಗ ಧರ್ಮದ ಕಾಲಮಿನಲ್ಲಿ ‘ಹಿಂದೂ’ ಎಂದು, ಜಾತಿಯ ಕಾಲಮಿನಲ್ಲಿ ‘ಜೈನ’ ಎಂದು ಬರೆಸಿರುತ್ತಾರೆ. ಆಗ ಅದು ಯಾರಿಗೂ ತಪ್ಪೆನಿಸುವುದಿಲ್ಲ. ಆದರೆ ಕೇಂದ್ರ ಸರ್ಕಾರ 2014ರ ಜನವರಿಯಲ್ಲಿ ಜೈನರನ್ನು ಅಲ್ಪಸಂಖ್ಯಾತ ಸಮುದಾಯವೆಂದು ಅಧಿಸೂಚಿಸಿದೆ. ಅಲ್ಪಸಂಖ್ಯಾತರ ಸೌಲಭ್ಯ ಕೇಳಲು ಹೋದಾಗ ಶಾಲೆಯ ದಾಖಲೆಯೇ ಅಡ್ಡ ಬರುತ್ತದೆ. ಮಗು ಪ್ರಾಥಮಿಕ ಶಾಲೆಯಲ್ಲಿರುವಾಗಲೇ ಮುಖ್ಯೋಪಾಧ್ಯಾಯರನ್ನು ಕಂಡು ದಾಖಲಾತಿ ಪುಸ್ತಕದಲ್ಲಿ ಏನಿದೆ ಎಂದು ನೋಡಿ, ತಪ್ಪಿದ್ದರೆ ಸರಿಪಡಿಸಲು ಅರ್ಜಿ ಕೊಡಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಬಂದ ಮೇಲೆ ತಿದ್ದುಪಡಿ ಎಂದರೆ ಬಹಳ ಅಲೆದಾಟ. ಹಾಗೆಯೇ ಆಧಾರ್, ಶಾಲೆ, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲಿಯೂ ಹೆಸರಿನ ಕಾಗುಣಿತ ಒಂದೇ ಇರಲಿ. ಶಿಷ್ಯವೇತನ ಬಾರದೆ ಹೋಗುವುದಕ್ಕೆ ಇದೊಂದು ದೊಡ್ಡ ಕಾರಣ.

ಜಾತಿ ಮತ್ತು ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ದಿಗಂಬರ ಜೈನರು 3ಬಿ ಪ್ರವರ್ಗದಲ್ಲಿದ್ದಾರೆ. ಕೆನೆಪದರಕ್ಕೆ ಒಳಪಡದ ಕುಟುಂಬದ ಮಕ್ಕಳಿಗೆ ಈ ಮೀಸಲಾತಿ ಅನ್ವಯಿಸುತ್ತದೆ. ಶ್ವೇತಾಂಬರ ಕುಟುಂಬಗಳು ಈ ಪಟ್ಟಿಯಲ್ಲಿಲ್ಲ, ಆದರೆ ಅಲ್ಪಸಂಖ್ಯಾತರ ಸೌಲಭ್ಯಗಳು ಎರಡೂ ಪಂಥದವರಿಗೆ ಇವೆ. ಪ್ರಮಾಣಪತ್ರಕ್ಕೆ ಅವಧಿ ಇರುತ್ತದೆ. ಸಿಇಟಿ ಅರ್ಜಿಯಲ್ಲಿ ಅದರ ಆರ್.ಡಿ. ಸಂಖ್ಯೆ ಕೇಳುವುದರಿಂದ ದ್ವಿತೀಯ ಪಿಯುಸಿಯ ದಸರಾ ರಜೆಯಲ್ಲೇ ಹೊಸದು ಮಾಡಿಸಿಟ್ಟುಕೊಳ್ಳುವುದು ಲೇಸು.

ಆದಾಯದ ವಿಷಯದಲ್ಲಿ ಒಂದು ಮಾತು. ವಹಿವಾಟು ಬೇರೆ, ಆದಾಯ ಬೇರೆ. ಅಂಗಡಿಯಲ್ಲಿ ವರ್ಷಕ್ಕೆ ನಲವತ್ತು ಲಕ್ಷದ ಮಾರಾಟವಾದರೆ ಅದು ನಲವತ್ತು ಲಕ್ಷದ ಆದಾಯವಲ್ಲ. ಇದನ್ನು ತಿಳಿಯದೆ ‘ನಮಗೆ ಸಿಗುವುದಿಲ್ಲ’ ಎಂದು ಅರ್ಜಿಯನ್ನೇ ಹಾಕದವರಿದ್ದಾರೆ. ಹಾಗೆಂದು ಇರುವ ಆದಾಯವನ್ನು ಮುಚ್ಚಿಟ್ಟು ಪತ್ರ ಮಾಡಿಸುವುದೂ ಸಲ್ಲದು. ಅದು ಸತ್ಯವ್ರತಕ್ಕೂ ವಿರುದ್ಧ, ಅಗತ್ಯವಿದ್ದ ಇನ್ನೊಂದು ಮಗುವಿನ ಪಾಲನ್ನೂ ಕಸಿದಂತೆ.

ಈ ಭಾಗದ ಮಕ್ಕಳಿಗೆ ಇರುವ ಹಕ್ಕು

ಹೊಸಪೇಟೆ, ಸಂಡೂರು, ಕಂಪ್ಲಿ ಭಾಗವು ಸಂವಿಧಾನದ 371(ಜೆ) ಕಲಂ ಅಡಿಯಲ್ಲಿ ಬರುತ್ತದೆ. ಈ ಕಲಂ ಪ್ರಕಾರ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70ರಷ್ಟು ಸೀಟು ಸ್ಥಳೀಯರಿಗೆ, ರಾಜ್ಯದ ಉಳಿದೆಡೆ ಶೇ. 8ರಷ್ಟು ಸೀಟು ಈ ಭಾಗದವರಿಗೆ ಮೀಸಲು. ಇದು ಜಾತಿ ನೋಡಿ ಕೊಡುವುದಲ್ಲ, ಊರು ನೋಡಿ ಕೊಡುವುದು. ಅಜ್ಜನ ಕಾಲದಲ್ಲಿ ರಾಜಸ್ಥಾನದಿಂದಲೋ ಗುಜರಾತಿನಿಂದಲೋ ಬಂದು ನೆಲೆಸಿದ ಮನೆತನಗಳೂ ಇಲ್ಲಿ ಹುಟ್ಟಿದ್ದಕ್ಕೆ ಅಥವಾ ಬಹುಕಾಲ ವಾಸವಿದ್ದುದಕ್ಕೆ ದಾಖಲೆ ತೋರಿಸಿದರೆ ಅರ್ಹತಾ ಪತ್ರ ಪಡೆಯಬಹುದು. ಪತ್ರ ಕೊಡುವವರು ಉಪವಿಭಾಗಾಧಿಕಾರಿಗಳು. ಜನನ ಪ್ರಮಾಣಪತ್ರ, ತಂದೆಯ ಶಾಲಾ ದಾಖಲೆ, ಮನೆ ಅಥವಾ ಅಂಗಡಿಯ ಹಳೆಯ ಕರ ರಸೀದಿ ಮುಂತಾದವನ್ನು ಒಂದು ಕಡತದಲ್ಲಿ ಜೋಪಾನ ಮಾಡಿಡಬೇಕು.

ಇನ್ನೆರಡು ಮೀಸಲಾತಿಗಳು ಒಂದನೇ ತರಗತಿಯಲ್ಲೇ ತೀರ್ಮಾನವಾಗುತ್ತವೆ. ಒಂದರಿಂದ ಹತ್ತರವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಸಿಇಟಿ ಸೀಟಿನಲ್ಲಿ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ಇದೆ. ಹಳ್ಳಿಯ ಮಗುವನ್ನು ದಿನವೂ ವಾಹನದಲ್ಲಿ ಪಟ್ಟಣದ ಶಾಲೆಗೆ ಕಳಿಸುವ ಮೊದಲು ಈ ಲೆಕ್ಕವೂ ತಲೆಯಲ್ಲಿರಲಿ.

ಹಣ ಕೂಡಿಡುವ ಬಗೆ

ಮಗು ಐದನೇ ತರಗತಿಗೆ ಬಂದ ವರ್ಷದಿಂದ ಪಿಯುಸಿ ಮುಗಿಯುವವರೆಗೆ ಎಂಟು ವರ್ಷ. ತಿಂಗಳಿಗೆ 3,000 ರೂಪಾಯಿಯಂತೆ ಅಂಚೆ ಕಚೇರಿಯ ಆರ್.ಡಿ.ಗೆ ಹಾಕಿದರೆ ಅಸಲೇ 2,88,000 ರೂಪಾಯಿ ಆಗುತ್ತದೆ, ಬಡ್ಡಿ ಬೇರೆ. ಅಂದರೆ ದಿನಕ್ಕೆ ನೂರು ರೂಪಾಯಿ. ಗಲ್ಲಾದಿಂದ ದಿನವೂ ನೂರು ರೂಪಾಯಿ ತೆಗೆದು ಬೇರೆ ಡಬ್ಬಿಗೆ ಹಾಕುವುದು ಹೆಚ್ಚಿನ ಅಂಗಡಿಗಳಿಗೆ ಸಾಧ್ಯ. ಆ ಡಬ್ಬಿಯನ್ನು ಸರಕಿಗಾಗಿ ಮುಟ್ಟದಿರುವುದು ಮಾತ್ರ ಕಷ್ಟ. ಆದ್ದರಿಂದಲೇ ಅದು ಅಂಗಡಿಯಲ್ಲಿರದೆ ಅಂಚೆ ಕಚೇರಿಯಲ್ಲಿ ಇರಬೇಕು.

ಹೆಣ್ಣುಮಕ್ಕಳಿಗೆ ಸುಕನ್ಯಾ ಸಮೃದ್ಧಿ ಖಾತೆ ಇದೆ. ಮಗುವಿಗೆ ಹತ್ತು ವರ್ಷ ತುಂಬುವುದರೊಳಗೆ ತೆರೆಯಬೇಕು. ವರ್ಷಕ್ಕೆ ಕನಿಷ್ಠ 250, ಗರಿಷ್ಠ 1,50,000 ರೂಪಾಯಿಯಂತೆ 15 ವರ್ಷ ಕಟ್ಟಬಹುದು. 18 ವರ್ಷವಾದ ಮೇಲೆ ಅಥವಾ ಹತ್ತನೇ ತರಗತಿ ಪಾಸಾದ ಮೇಲೆ ಖಾತೆಯಲ್ಲಿದ್ದ ಹಣದ ಅರ್ಧದವರೆಗೆ ಓದಿಗಾಗಿ ತೆಗೆಯಬಹುದು. ಮಗಳ ಮದುವೆಗೆಂದು ಹುಟ್ಟಿದಾಗಿನಿಂದ ಚಿನ್ನ ಕೂಡಿಡುವ ಮನೆಗಳಲ್ಲಿ ಅವಳ ಓದಿಗೆಂದು ಒಂದು ಪಾಸ್‌ಬುಕ್ಕೂ ಇರಲಿ. ಮಗನಾದರೆ ಬೆಂಗಳೂರು, ಮಗಳಾದರೆ ಹತ್ತಿರದಲ್ಲಿ ಸಿಕ್ಕಿದ್ದು ಎಂಬ ಲೆಕ್ಕ ಇನ್ನಾದರೂ ನಿಲ್ಲಬೇಕು.

ನೆರವು ಮತ್ತು ಸಾಲ

ಮೊದಲು ಮರಳಿಸಬೇಕಾಗಿಲ್ಲದ ನೆರವನ್ನು ನೋಡಬೇಕು, ಆಮೇಲೆ ಕಡಿಮೆ ಬಡ್ಡಿಯ ಸಾಲ, ಕೊನೆಗೆ ಬ್ಯಾಂಕ್ ಸಾಲ. ಪೇಟೆಯ ಕೈಸಾಲ ಈ ಪಟ್ಟಿಯಲ್ಲೇ ಇರಬಾರದು.

ಸಿಇಟಿ ಮೂಲಕ ಎಂಜಿನಿಯರಿಂಗ್ ಸೇರುವವರಿಗೆ ಎಸ್‌ಎನ್‌ಕ್ಯೂ ಎಂಬ ಹೆಚ್ಚುವರಿ ಸೀಟುಗಳಿವೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿರುವ ಮಕ್ಕಳಿಗೆ ಈ ಸೀಟಿನಲ್ಲಿ ಬೋಧನಾ ಶುಲ್ಕ ಮನ್ನಾ ಆಗುತ್ತದೆ. ಅರ್ಜಿ ತುಂಬುವಾಗಲೇ ‘ಬೇಕು’ ಎಂದು ಗುರುತು ಮಾಡಬೇಕು. ಆ ಒಂದು ಗುರುತು ಬಿಟ್ಟು ಅವಕಾಶ ಕಳೆದುಕೊಳ್ಳಬಾರದು. ರಾಜ್ಯದ ಶಿಷ್ಯವೇತನಗಳಿಗೆ ಎಸ್‌ಎಸ್‌ಪಿ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಹಣ ಬರುವುದು ಆಧಾರ್ ಜೋಡಣೆಯಾದ ವಿದ್ಯಾರ್ಥಿಯ ಖಾತೆಗೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸ್ವಸಹಾಯ ಸಂಘಗಳಲ್ಲಿರುವ ಮನೆಗಳ ಮಕ್ಕಳಿಗೆ ಸುಜ್ಞಾನನಿಧಿ ಶಿಷ್ಯವೇತನವಿದೆ.

ಸಿಇಟಿ ಅಥವಾ ನೀಟ್ ಮೂಲಕ ವೃತ್ತಿಪರ ಕೋರ್ಸಿಗೆ ಸೀಟು ಪಡೆದ ಜೈನ ಮಕ್ಕಳಿಗೆ ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲ ಇದೆ. ಇದರ ಸೇವಾ ಶುಲ್ಕ ಶೇ. 2 ಮಾತ್ರ. ಓದು ಮುಗಿದ ಮೇಲೆ ಕಂತುಗಳಲ್ಲಿ ತೀರಿಸಬೇಕು. ಪೇಟೆಯ ಶೇ. 24ರ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ ಒಂದು ಅರ್ಜಿಯ ಬೆಲೆ ಗೊತ್ತಾಗುತ್ತದೆ.

ಬ್ಯಾಂಕಿನ ಶಿಕ್ಷಣ ಸಾಲದಲ್ಲಿ 4 ಲಕ್ಷದವರೆಗೆ ಆಸ್ತಿ ಅಡವು ಬೇಕಿಲ್ಲ. ತಂದೆ ಅಥವಾ ತಾಯಿ ಸಹಸಾಲಗಾರರಾಗಿ ಸಹಿ ಹಾಕಬೇಕು. ಕೇಂದ್ರ ಸರ್ಕಾರ 2024ರ ನವೆಂಬರಿನಲ್ಲಿ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಆಯ್ದ ಉನ್ನತ ಸಂಸ್ಥೆಗಳಿಗೆ ಸೇರಿದವರಿಗೆ ಅಡವೂ ಜಾಮೀನೂ ಇಲ್ಲದೆ ಸಾಲ ಸಿಗುತ್ತದೆ. ಆದರೆ ಬ್ಯಾಂಕಿನವರು ಪಾಲಕರ ಹಳೆಯ ಸಾಲದ ಚರಿತ್ರೆ ನೋಡುತ್ತಾರೆ, ಆದಾಯ ತೆರಿಗೆ ರಿಟರ್ನ್ ಕೇಳುತ್ತಾರೆ. ಎಷ್ಟೇ ಪ್ರಾಮಾಣಿಕ ವ್ಯಾಪಾರವಿದ್ದರೂ ರಿಟರ್ನ್ ಸಲ್ಲಿಸದ ಅಂಗಡಿ ಬ್ಯಾಂಕಿನ ಕಣ್ಣಿಗೆ ಕಾಣುವುದಿಲ್ಲ. 2011ರಲ್ಲಿ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಂತಾಗ ಲಾರಿ ಸಾಲದ ಕಂತು ಕಟ್ಟಲಾಗದೆ ಹೋದವರ ಕಷ್ಟ ಈ ಭಾಗದವರಿಗೆ ಮರೆತಿಲ್ಲ. ವ್ಯಾಪಾರದ ಸಾಲ ಕೆಟ್ಟರೆ ಮಗುವಿನ ಸಾಲಕ್ಕೂ ತೊಡಕು. ಮಗು ಎಸ್ಸೆಸ್ಸೆಲ್ಸಿಗೆ ಬಂದ ವರ್ಷದಿಂದಲಾದರೂ ಪ್ರತಿವರ್ಷ ರಿಟರ್ನ್ ಸಲ್ಲಿಸುತ್ತ ಬಂದರೆ ಕಾಲೇಜಿನ ಹೊತ್ತಿಗೆ ದಾಖಲೆ ಸಿದ್ಧವಿರುತ್ತದೆ.

ಸಾಲ ತೆಗೆದುಕೊಂಡ ಮೇಲೆ ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ. ಆದರೆ ಬಡ್ಡಿ ನಿಲ್ಲುವುದಿಲ್ಲ. ನಾಲ್ಕು ವರ್ಷದ ಕೋರ್ಸಿಗೆ ವರ್ಷಕ್ಕೆ ಒಂದು ಲಕ್ಷದಂತೆ 4 ಲಕ್ಷ ಪಡೆದು ಶೇ. 10ರ ಸರಳ ಬಡ್ಡಿ ಎಂದಿಟ್ಟುಕೊಂಡರೆ, ಕಂತು ಶುರುವಾಗುವ ಹೊತ್ತಿಗೆ 1,40,000 ರೂಪಾಯಿ ಬಡ್ಡಿ ಸೇರಿ ಬಾಕಿ 5,40,000 ಆಗಿರುತ್ತದೆ. ಅದರ ಬದಲು ಪಾಲಕರು ತಿಂಗಳ ಬಡ್ಡಿಯನ್ನು ಆಗಾಗಲೇ ಕಟ್ಟುತ್ತ ಹೋದರೆ ಮೊದಲ ವರ್ಷ ತಿಂಗಳಿಗೆ ಸುಮಾರು 835, ನಾಲ್ಕನೇ ವರ್ಷ ಸುಮಾರು 3,335 ರೂಪಾಯಿ. ಮಗುವಿನ ತಲೆಯ ಮೇಲೆ ಅಸಲು ಮಾತ್ರ ಉಳಿಯುತ್ತದೆ. ಹಾಗೆ ಬಡ್ಡಿ ಕಟ್ಟಿದವರಿಗೆ ಬ್ಯಾಂಕುಗಳು ಬಡ್ಡಿದರದಲ್ಲಿ ಶೇ. 1ರಷ್ಟು ರಿಯಾಯಿತಿ ಕೊಡುವುದೂ ಉಂಟು, ಕೇಳಿ ಪಡೆಯಬೇಕು.

ಕೋರ್ಸಿನ ಆಯ್ಕೆಯೂ ಖರ್ಚಿನ ಲೆಕ್ಕವೇ

ಎಲ್ಲರೂ ಎಂಜಿನಿಯರ್ ಆಗಬೇಕಿಲ್ಲ. ಹೊಸಪೇಟೆಯಲ್ಲೇ ಬಿ.ಕಾಂ. ಓದುತ್ತ ಸಿಎ ಮಾಡುವ ದಾರಿಯಿದೆ. ಲೆಕ್ಕದ ಮನೆಯಲ್ಲಿ ಬೆಳೆದ ಮಕ್ಕಳಿಗೆ ಅದು ಹೊಸದೂ ಅಲ್ಲ. ಸಿಎ ಆರ್ಟಿಕಲ್‌ಶಿಪ್‌ನ ಎರಡು ವರ್ಷ ಸಣ್ಣದಾದರೂ ಸ್ಟೈಪೆಂಡ್ ಬರುತ್ತದೆ. ಹೊಸಪೇಟೆ, ಬಳ್ಳಾರಿಯಲ್ಲೇ ಎಂಜಿನಿಯರಿಂಗ್ ಕಾಲೇಜುಗಳಿವೆ. ಮನೆಯಿಂದ ಓಡಾಡಿದರೆ ಹಾಸ್ಟೆಲ್ ಖರ್ಚು ಉಳಿಯುತ್ತದೆ, ಮನೆಯ ಊಟವೂ ಸಿಗುತ್ತದೆ. ದೂರದ ಊರಿಗೆ ಕಳಿಸುವವರು ಶುಲ್ಕದ ಪಕ್ಕದಲ್ಲಿ ವಸತಿ, ಊಟ, ಪ್ರಯಾಣ, ಪುಸ್ತಕ, ಲ್ಯಾಪ್‌ಟಾಪ್ ಎಲ್ಲವನ್ನೂ ಬರೆದು ಕೂಡಿಸಬೇಕು. ಬರೆದಾಗ ಮಾತ್ರ ನಿಜವಾದ ಮೊತ್ತ ತಿಳಿಯುತ್ತದೆ. ಆ ಹಾಳೆಯನ್ನು ಮಗುವಿನ ಮುಂದೆಯೇ ಬರೆಯುವುದು ಒಳ್ಳೆಯದು. ಮನೆಯ ಪರಿಸ್ಥಿತಿ ತಿಳಿದ ಮಗು ಜವಾಬ್ದಾರಿಯಿಂದ ಓದುತ್ತದೆ.

ಊರಿನ ಸಂಘ ಮಾಡಬಹುದಾದದ್ದು

ದೊಡ್ಡ ನಿಧಿ ಇಲ್ಲದ ಸಣ್ಣ ಸಂಘವೂ ಒಂದು ಕೆಲಸ ಮಾಡಬಹುದು. ಪರ್ಯುಷಣ, ದಶಲಕ್ಷಣ ಪರ್ವ ಮುಗಿದ ನಂತರದ ಒಂದು ಭಾನುವಾರ ಬಸದಿಯ ಅಥವಾ ಮಂದಿರದ ಸಭಾಂಗಣದಲ್ಲಿ ಎಲ್ಲ ಮನೆಯವರು ಮಕ್ಕಳ ಕಾಗದಪತ್ರ ತಂದು ತೋರಿಸಲಿ. ಅಲ್ಲೇ ಕಾಲೇಜು ಓದುವ ಯುವಕ ಯುವತಿಯರು ಯಾರ ಆಧಾರ್ ಸರಿಯಿಲ್ಲ, ಯಾರ ಪ್ರಮಾಣಪತ್ರದ ಅವಧಿ ಮುಗಿದಿದೆ, ಯಾರಿಗೆ 371(ಜೆ) ಪತ್ರವಿಲ್ಲ ಎಂದು ಪಟ್ಟಿ ಮಾಡಲಿ. ಇದಕ್ಕೆ ಖರ್ಚಿಲ್ಲ. ಸಮಾಜದ ನೆರವು ಪಡೆದು ಓದಿ ದುಡಿಯುತ್ತಿರುವವರು ತಾವು ಪಡೆದಷ್ಟನ್ನು ಮುಂದಿನ ಮಗುವಿಗೆ ಕೊಟ್ಟರೆ ನಿಧಿ ತಾನಾಗಿ ಬೆಳೆಯುತ್ತದೆ.

ದೀಪಾವಳಿಯಂದು, ಮಹಾವೀರ ಸ್ವಾಮಿಯ ನಿರ್ವಾಣದ ದಿನ, ನಮ್ಮ ಅಂಗಡಿಗಳಲ್ಲಿ ಹೊಸ ಖಾತೆ ಪುಸ್ತಕ ಪೂಜೆಯಾಗುತ್ತದೆ. ಈ ಸಲ ಆ ಪುಸ್ತಕದಲ್ಲಿ ಮಗುವಿನ ಹೆಸರಿನಲ್ಲಿ ಒಂದು ಪುಟ ತೆರೆಯಿರಿ. ಎಡಗಡೆ ಕೂಡಿದ ಹಣ, ಬಲಗಡೆ ಆಗಬೇಕಾದ ಕಾಗದಪತ್ರ. ಪ್ರತಿ ದೀಪಾವಳಿಗೆ ಆ ಪುಟವನ್ನು ನೋಡಿ ಮುಂದುವರಿಸಿದರೆ, ಸೀಟು ಬಂದ ದಿನ ಮನೆಯಲ್ಲಿ ಸಿಹಿ ಹಂಚಬಹುದು, ಸಾಲಕ್ಕೆ ಪೇಟೆ ಸುತ್ತಬೇಕಿಲ್ಲ.

ಜೈ ಜಿನೇಂದ್ರ.